ಹಿತ್ತಿಲ ಕೋಣೆಯಿಂದ ಅಚ್ಚಿನ ಮನೆಗೆ

‘ಮಡಿ ಹೆಂಗಸು’ ಎಂಬ ಮಾತು ಇವತ್ತಿನ ಹೆಚ್ಚಿನ ಹುಡುಗಿಯರ ಕಿವಿಗೆ ಬಿದ್ದಿರಲಾರದು. ಅವರ ಮುತ್ತಜ್ಜಿಯರ ಕಾಲದಲ್ಲಿ ಹಳೆ ಮೈಸೂರು, ಮಲೆನಾಡು, ಕರಾವಳಿಯ ಬ್ರಾಹ್ಮಣರ ಮನೆಗಳಲ್ಲಿ ಅದು ದಿನಬಳಕೆಯ ಮಾತು. ಗಂಡ ಸತ್ತಿದ್ದರೆ ಮುಗಿಯಿತು, ಆ ಹೆಂಗಸಿಗೆ ಅದೇ ಹೆಸರು. ಅವಳಿಗೆ ಎಪ್ಪತ್ತೋ ಹತ್ತೋ ಎಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಎಂಟು ಹತ್ತು ವರ್ಷಕ್ಕೆ ಧಾರೆ ಎರೆದುಕೊಟ್ಟ ಹುಡುಗಿ, ಗಂಡನ ಮುಖವನ್ನು ಸರಿಯಾಗಿ ನೋಡಿರದಿದ್ದರೂ, ಅವನು ಸತ್ತ ದಿನದಿಂದ ವಿಧವೆ. ಮೈನೆರೆದ ಮೇಲೆ ಅವಳನ್ನು ಹಿತ್ತಿಲಲ್ಲಿ ಕೂರಿಸಿ ತಲೆ ಬೋಳಿಸುತ್ತಿದ್ದರು. ಹೂವು, ಕುಂಕುಮ, ಬಳೆ, ಕುಪ್ಪಸ ಎಲ್ಲ ಹೋಗಿ, ಕೆಂಪೋ ಬಿಳಿಯೋ ಒಂದು ಸೀರೆಯ ಸೆರಗು ಬೋಳು ತಲೆಯ ಮೇಲೆ ಬರುತ್ತಿತ್ತು. ಹಗಲು ಒಪ್ಪೊತ್ತಿನ ಊಟ, ರಾತ್ರಿ ಫಲಾಹಾರ, ಏಕಾದಶಿಗೆ ಉಪವಾಸ. ಮದುವೆ ಮುಂಜಿಯ ದಿಬ್ಬಣಕ್ಕೆ ಅವಳು ಎದುರಾಗಕೂಡದು. ಆ ಮದುವೆಗೆ ಬೇಕಾದ ಹಪ್ಪಳ ಸಂಡಿಗೆ ಒತ್ತುವವಳು, ದೇವರಿಗೆ ಹೂಬತ್ತಿ ಹೊಸೆಯುವವಳು, ಮುಂದೆ ಮದುಮಗಳ ಬಾಣಂತನ ಮಾಡುವವಳು ಮಾತ್ರ ಅವಳೇ. ಕೂದಲಿನ ಜೊತೆಗೆ ಅವಳ ಹೆಸರೂ ಹೋಗುತ್ತಿತ್ತು. ಅತ್ತೆ, ದೊಡ್ಡಮ್ಮ, ಮಡಿಯಮ್ಮ ಎಂದು ಮನೆಮಂದಿಯೆಲ್ಲ ಕರೆದು ಕರೆದು, ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಹಳತಾಗುತ್ತಿತ್ತು.

ಇಂಥ ಹುಡುಗಿ ತಾನು ಯಾರು ಎಂಬುದನ್ನು ಹೇಗೆ ಕಂಡುಕೊಂಡಳು? ಕನ್ನಡ ಕಾದಂಬರಿ ತನ್ನ ಹುಟ್ಟಿನಿಂದಲೇ ಈ ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದೆ. ಅದು ಕೊಟ್ಟ ಉತ್ತರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಸುಧಾರಕ ಗಂಡಸರು ಬರೆದ ಕಥೆಗಳಲ್ಲಿ ಆ ಹುಡುಗಿಯನ್ನು ಯಾರೋ ಬಂದು ಪಾರುಮಾಡುತ್ತಾರೆ. ಅವಳ ಹೊಸ ಬದುಕು ಅವಳಿಗೆ ಸಿಕ್ಕಿದ ಕೊಡುಗೆ. ಹೆಂಗಸರು ಬರೆದದ್ದರಲ್ಲಿ, ಬರೆದ ಹೆಂಗಸರ ಬದುಕಿನಲ್ಲಿ ಕೂಡ, ಅವಳು ತನ್ನ ಕೈಗೆ ಉಳಿದದ್ದರಿಂದಲೇ ತನ್ನನ್ನು ಕಟ್ಟಿಕೊಳ್ಳುತ್ತಾಳೆ. ಉಳಿದದ್ದು ಒಂದು ಪುಸ್ತಕ ಇರಬಹುದು, ಮಸಿ ಕುಡಿಕೆ ಇರಬಹುದು, ಹೆರಿಗೆ ಮಾಡಿಸುವ ಕೈಗುಣ ಇರಬಹುದು. ನಮ್ಮ ಸಾಹಿತ್ಯ ಚರಿತ್ರೆ ಮೊದಲನೆಯ ಕಥೆಯನ್ನು ಎತ್ತಿ ಹೇಳಿದಷ್ಟು ಎರಡನೆಯದನ್ನು ಹೇಳಿಲ್ಲ.

ಮೊದಲನೆಯ ಕಥೆಗೆ ಸಲ್ಲಬೇಕಾದ ಗೌರವವನ್ನು ಮೊದಲೇ ಸಲ್ಲಿಸಿಬಿಡಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1899ರಲ್ಲಿ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬ ಹೆಸರು ಅದಕ್ಕೆ ನಿಂತಿದೆ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ 1856ರಲ್ಲೇ ಸಿಕ್ಕಿತ್ತು, ಆದರೆ ಕಾನೂನನ್ನು ನಂಬಿ ಮಗಳಿಗೆ ಮರುಮದುವೆ ಮಾಡಿದವನಿಗೆ ಜಾತಿಯ ಬಹಿಷ್ಕಾರ ಕಾದಿರುತ್ತಿತ್ತು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ಕಾಯಿದೆ ಮಾಡಿದಾಗ ಅದು ಇಟ್ಟ ಗೆರೆ ಏನು ಗೊತ್ತೆ? ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳಕೂಡದು. ಇಷ್ಟನ್ನು ನಿಷೇಧಿಸಲು ಕಾಯಿದೆ ಬೇಕಾಯಿತು ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಅಂಥ ಕಾಲದಲ್ಲಿ ಪೊಲೀಸ್ ಇಲಾಖೆಯಲ್ಲಿದ್ದ ಸಾರಸ್ವತ ಗೃಹಸ್ಥರಾದ ವೆಂಕಟರಾಯರು ತಮ್ಮ ಕಾದಂಬರಿಯಲ್ಲಿ ಇಂದಿರೆ ಎಂಬ ಬಾಲವಿಧವೆಯನ್ನು ತವರಿನಿಂದ ಓಡಿಬರುವಂತೆ ಮಾಡಿದರು, ಅಮೃತರಾಯನೆಂಬ ಸುಧಾರಕನ ಮನೆಯಲ್ಲಿ ಆಸರೆ ಕೊಟ್ಟು ಓದಿಸಿದರು, ವಿಲಾಯಿತಿಯಲ್ಲಿ ಕಲಿತು ಬಂದ ಭಾಸ್ಕರನಿಗೆ ಕೊಟ್ಟು ಮದುವೆ ಮಾಡಿಸಿದರು. ಪುಸ್ತಕ ನಾಲ್ಕೇ ವರ್ಷದಲ್ಲಿ ಇಂಗ್ಲಿಷಿಗೂ ಹೋಯಿತು. ಅವರ ಎದೆಗಾರಿಕೆಯನ್ನು ಕಡಿಮೆ ಮಾಡಿ ನೋಡುವುದು ಅನ್ಯಾಯ.

ಹಾಗಿದ್ದೂ ಇಂದಿರೆಯ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ಮನೆಯೊಳಗಿನ ಡಾಂಭಿಕ ‘ಸಂತಮಂಡಳಿ’ಯ ಕೈಗೆ ಸಿಕ್ಕದೆ ಹೊರಡುವ ಒಂದು ಗಳಿಗೆಯಲ್ಲಿ ಮಾತ್ರ ತೀರ್ಮಾನ ಅವಳದು. ಆಮೇಲಿನದ್ದೆಲ್ಲ ಒಬ್ಬ ಒಳ್ಳೆಯ ಗಂಡಸಿನ ಮನೆಯಿಂದ ಇನ್ನೊಬ್ಬ ಒಳ್ಳೆಯ ಗಂಡಸಿನ ಮನೆಗೆ ಪಯಣ. ಅವಳ ವಿದ್ಯೆ ಅವಳನ್ನು ತಕ್ಕ ಹೆಂಡತಿಯನ್ನಾಗಿ ಮಾಡುತ್ತದೆ. ಆ ವಿದ್ಯೆಯಿಂದ ಅವಳು ಬೇರೆ ಏನು ಮಾಡಬಹುದಿತ್ತು ಎಂಬ ಯೋಚನೆ ಕಾದಂಬರಿಗೆ ಬರುವುದಿಲ್ಲ. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯವು’. ಗೆದ್ದದ್ದು ಧರ್ಮ, ಗೆಲ್ಲಿಸಿದವರು ಸುಧಾರಕರು. ಇಂದಿರೆ ಆ ಗೆಲುವು ನಡೆದ ಅಂಗಳ.

ಅದೇ ಹೊತ್ತಿನಲ್ಲಿ ನಂಜನಗೂಡಿನಲ್ಲಿ ಒಬ್ಬ ನಿಜವಾದ ಹುಡುಗಿ ಬೆಳೆಯುತ್ತಿದ್ದಳು. ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಪಾಡನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ್ದೂ ಅದೇ ವರ್ಷ. ವಕೀಲರ ಮಗಳಾದ ತಿರುಮಲಾಂಬೆಗೆ ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮೈಸೂರಿನಲ್ಲಿ ಹೆಣ್ಣುಮಕ್ಕಳ ಮಹಾರಾಣಿ ಶಾಲೆ 1881ರಿಂದ ನಡೆಯುತ್ತಿತ್ತು, ಆದರೆ ಇವಳ ಶಾಲೆ ಮನೆಯೇ. ತಂದೆ ಪುಸ್ತಕ ತಂದುಕೊಟ್ಟರು, ಕಲಿಸಿದರು. ಮಗಳು ಕಲಿತದ್ದನ್ನು ನೆರೆಹೊರೆಯ ಹೆಂಗಸರಿಗೂ ಹುಡುಗಿಯರಿಗೂ ಕಲಿಸಿದಳು. ಅವಳನ್ನು ಕರೆದೊಯ್ಯಲು ಯಾವ ಭಾಸ್ಕರನೂ ಬರಲಿಲ್ಲ. 1913ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಆಕೆ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ತೆರೆದರು. ತಮ್ಮ ‘ಸುಶೀಲೆ’ ಕಾದಂಬರಿಯನ್ನು ಅದರಲ್ಲಿ ಹೊರತಂದರು. ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯ ಸಂಪಾದಕಿಯಾದರು. ಆಧುನಿಕ ಕನ್ನಡದ ಮೊದಲ ಕಾದಂಬರಿಕಾರ್ತಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕಾ ಸಂಪಾದಕಿ ಎಂದು ಚರಿತ್ರೆ ಗುರುತಿಸುವ ಮೂರು ಕೆಲಸಗಳೂ ಒಬ್ಬ ಬಾಲವಿಧವೆಯವು. ಮದುವೆಯ ಕರೆಯೋಲೆಯಲ್ಲಿ ಯಾರ ಹೆಸರು ಇರಕೂಡದಿತ್ತೋ ಅವಳ ಹೆಸರು ಪುಸ್ತಕದ ಮುಖಪುಟದಲ್ಲಿ ಅಚ್ಚಾಯಿತು. ಕಾಗದ ಕೊಳ್ಳುವುದು, ಮುದ್ರಣಾಲಯದೊಂದಿಗೆ ವ್ಯವಹರಿಸುವುದು, ಕರಡು ತಿದ್ದುವುದು, ಚಂದಾದಾರರಿಗೆ ಪ್ರತಿ ಮುಟ್ಟಿಸುವುದು, ಪ್ರಕಾಶಕಿ ಎಂಬ ಒಂದು ಪದದ ಹಿಂದೆ ಇಷ್ಟೆಲ್ಲ ಇದೆ. ಹೊಸಿಲು ದಾಟುವುದೇ ದೊಡ್ಡ ಮಾತಾಗಿದ್ದ ದಿನಗಳಲ್ಲಿ ಅವರ ಅಕ್ಷರ ಅಂಚೆಯ ಚೀಲದಲ್ಲಿ ಊರೂರಿಗೆ ಹೋಯಿತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ತಿರುಮಲಾಂಬ ಬರೆದದ್ದಾದರೂ ಏನು? ಅವರ ನಾಯಕಿಯರು ಸೈರಣೆಯ ಮೂರ್ತಿಗಳು, ದಾರಿ ತಪ್ಪಿದ ಗಂಡನನ್ನು ತಾಳ್ಮೆಯಿಂದ ತಿದ್ದುವವರು. ಗ್ರಂಥಮಾಲೆಯ ಹೆಸರಿನಲ್ಲೇ ‘ಸತಿ’ ಇದ್ದಾಳೆ. ಹೆಣ್ಣನ್ನು ಕಟ್ಟಿಹಾಕಿದ ಹಗ್ಗವನ್ನೇ ಹೆಣ್ಣೊಬ್ಬಳು ಹೊಸೆದುಕೊಟ್ಟರೆ ಅದರಲ್ಲಿ ಬಿಡುಗಡೆ ಎಲ್ಲಿಂದ ಬಂತು? ನಂತರದ ತಲೆಮಾರಿನ ವಿಮರ್ಶೆ ಅವರನ್ನು ನೀತಿಬೋಧಕಿ ಎಂದು ಬದಿಗೆ ಸರಿಸಿದ್ದು ಬಹುಮಟ್ಟಿಗೆ ಈ ಕಾರಣಕ್ಕೇ. ಆಕ್ಷೇಪದಲ್ಲಿ ನಿಜ ಇದೆ. ‘ಸುಶೀಲೆ’ಯನ್ನು ಇವತ್ತು ಓದುವವಳಿಗೆ ಸಿಟ್ಟು ಬರುವ ಪುಟಗಳಿವೆ, ಅದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಆದರೆ ಒಬ್ಬ ಬರಹಗಾರ್ತಿ ಹೇಳಿದ್ದನ್ನು ಮಾತ್ರ ತೂಗಿ, ಹೇಳಲು ಅವಳು ಏನೇನು ಮಾಡಬೇಕಾಯಿತು ಎಂಬುದನ್ನು ಬಿಟ್ಟರೆ ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದ ಹಾಗಾಯಿತು. ಇಪ್ಪತ್ತಾರರ ವಿಧವೆ ‘ಗಂಡನನ್ನು ಧಿಕ್ಕರಿಸಿ’ ಎಂದು ಬರೆದಿದ್ದರೆ ಆ ಪುಸ್ತಕ ಯಾವ ಮನೆಯ ಹೊಸಿಲು ದಾಟಿ ಒಳಗೆ ಹೋಗುತ್ತಿತ್ತು? ಮನೆಯ ಯಜಮಾನ ಹೆಂಡತಿಯ ಕೈಗೆ ಅದನ್ನು ಕೊಡುತ್ತಿದ್ದನೆ? ಸತೀಧರ್ಮದ ಮಾತು ಆ ಪುಸ್ತಕಗಳಿಗೆ ಸಿಕ್ಕಿದ ರಹದಾರಿ. ಅದನ್ನು ಹಿಡಿದು ಒಳಮನೆಗೆ ಹೋದದ್ದು ಓದುವ ಚಾಳಿ, ಹೆಂಗಸೂ ಬರೆಯಬಹುದು ಎಂಬ ಕಣ್ಣೆದುರಿನ ಪುರಾವೆ.

ಇದು ಹೊಸ ಉಪಾಯವೂ ಅಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದಳು. ಹೆಸರಿಗೆ ಅದು ಪತಿವ್ರತೆಯರ ನಡಾವಳಿ. ಅದರ ನಡುವೆ, ಹೆಣ್ಣು ಕೂಸೆಂದು ಹೀಗಳೆಯುವವರನ್ನು ನಿಮ್ಮನ್ನು ಹೆತ್ತವಳು ಯಾರು ಎಂದು ಆಕೆ ನಿಲ್ಲಿಸಿ ಕೇಳುತ್ತಾಳೆ. ಊಳಿಗದವಳೊಬ್ಬಳಿಗೆ ಆ ಪ್ರಶ್ನೆ ಕೇಳಲು ಧರ್ಮೋಪದೇಶದ ಪೀಠ ಬೇಕಾಯಿತು. ತಿರುಮಲಾಂಬ ಆ ಪೀಠದ ಮೇಲೆ ಕುಳಿತ ಎರಡನೆಯವರು ಎಂದು ನಾನು ತಿಳಿಯುತ್ತೇನೆ. ಪೀಠವನ್ನು ಒಡೆಯುವ ಕೆಲಸ ಮುಂದಿನವರದಾಯಿತು, ಮುಂದಿನವರು ಬರಲು ದಾರಿ ಇವರಿಂದ ಆಯಿತು.

ಮುಂದಿನವರು ತಡಮಾಡಲೂ ಇಲ್ಲ. ಬೆಂಗಳೂರಿನ ಆರ್. ಕಲ್ಯಾಣಮ್ಮ ಎಳವೆಯಲ್ಲೇ ಗಂಡನನ್ನು ಕಳೆದುಕೊಂಡವರು. 1921ರಲ್ಲಿ ‘ಸರಸ್ವತಿ’ ಪತ್ರಿಕೆ ಶುರುಮಾಡಿ ನಾಲ್ಕು ದಶಕ ನಡೆಸಿದರು, ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಸ್ವಂತ ಮಕ್ಕಳಿಲ್ಲದ ಆಕೆಯ ಅಂಗಳದಲ್ಲಿ ಒಂದು ಊರಿನ ಮಕ್ಕಳು ಆಡಿ ಬೆಳೆದರು. ಕೊಡಗಿನ ಗೌರಮ್ಮನ ಬದುಕು ಬೇರೆ ಬಗೆಯದು. ಆಕೆ ವಿಧವೆಯಲ್ಲ, ಗಂಡ ಮಗು ಇದ್ದ ಗೃಹಿಣಿ. ಬರೆದದ್ದು ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂದು, ಗಂಡನ ಹೆಸರಿನಲ್ಲಿ. 1939ರಲ್ಲಿ, ಇಪ್ಪತ್ತೇಳು ವರ್ಷಕ್ಕೆ, ನೀರಿನಲ್ಲಿ ಮುಳುಗಿ ತೀರಿಹೋದರು. ಆದರೂ ಆ ಚಿಕ್ಕ ಅವಧಿಯಲ್ಲಿ, ಎಳೆಯ ವಿಧವೆಗೂ ಮನಸ್ಸು ಇದೆ, ಆಸೆ ಇದೆ, ಆ ಆಸೆಯನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಬುದ್ಧಿಯೂ ಇದೆ ಎಂದು ಕಥೆಗಳಲ್ಲಿ ಬರೆದಿಟ್ಟರು. ‘ವಾಣಿಯ ಸಮಸ್ಯೆ’ಯ ಇಂದು ಯಾರ ಕರುಣೆಗೂ ಕಾದು ಕುಳಿತವಳಲ್ಲ. ಕಾಲ ಕಳೆದಂತೆ ಶ್ರೀಮತಿ ಕೃಷ್ಣ ಎಂಬ ಸಹಿ ಮರೆಗೆ ಸರಿಯಿತು. ಓದುಗರ ಬಾಯಲ್ಲಿ ಗೌರಮ್ಮ ಉಳಿದಳು, ಊರಿನ ಹೆಸರು ಹೊತ್ತು.

ಗಂಡಸರ ಲೇಖನಿ ಮುಂದೆ ಇಂದಿರಾಬಾಯಿಯನ್ನು ದಾಟಿ ಹೋಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 1940ರ ದಶಕದ ಮೊದಲಲ್ಲಿ ಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಸರಸೋತಿಯನ್ನು ಮರೆಯುವುದು ಹೇಗೆ? ರಾಮ ಐತಾಳರ ತಂಗಿ, ಎಳವೆಯ ವಿಧವೆ. ಅತ್ತಿಗೆ ಪಾರೋತಿಯ ಜೊತೆ ಗದ್ದೆಯ ಕೆಸರಲ್ಲಿ, ಹೊಳೆಯ ನೆರೆಯಲ್ಲಿ ಗೇಯ್ದು ಮನೆತನವನ್ನು ಎತ್ತಿ ನಿಲ್ಲಿಸಿದವಳು ಅವಳು. ಅಣ್ಣನ ಎದುರು ಮಾತಾಡುವ ಅಧಿಕಾರ ಅವಳಿಗೆ ಆ ದುಡಿಮೆಯಿಂದ ಬಂದದ್ದು. ಕಾರಂತರು ನನ್ನ ವಾದಕ್ಕೆ ಹೊರತಾದವರು, ಹೊರತಾಗಿದ್ದರಿಂದಲೇ ಅದನ್ನು ಗಟ್ಟಿ ಮಾಡುವವರು: ಸರಸೋತಿಯನ್ನು ಪಾರುಮಾಡಲು ಅವರು ಯಾರನ್ನೂ ಕಳಿಸುವುದಿಲ್ಲ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ನಡೆಯುವುದು ಬೇರೆ. ಬಸಿರಾದ ಎಳೆಯ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ, ಮಡಕೆ ಒಡೆದು, ಜಾತಿಯಿಂದ ಹೊರಹಾಕುತ್ತಾರೆ. ಆ ಕ್ರೌರ್ಯವನ್ನು ಅಷ್ಟು ನಿಚ್ಚಳವಾಗಿ ಕನ್ನಡದಲ್ಲಿ ಬೇರೆ ಯಾರೂ ತೋರಿಸಿಲ್ಲವೆಂದೇ ನನ್ನ ಎಣಿಕೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಚಿತ್ರ ಅದನ್ನು ನಾಡಿನ ಹೊರಗೂ ಒಯ್ದಿತು. ಆದರೆ ಕಥೆ ನಡೆಯುವುದು ವೇದಪಾಠಕ್ಕೆ ಬಂದ ಹುಡುಗ ನಾಣಿಯ ಕಣ್ಣಿನಿಂದ. ಬೋಳು ತಲೆಯ ಯಮುನಕ್ಕ ಆಮೇಲೆ ಎಲ್ಲಿಗೆ ಹೋದಳು, ಏನು ತಿಂದಳು, ಯಾವ ಹೆಸರಿನಲ್ಲಿ ಬದುಕಿದಳು? ಹುಡುಗನಿಗೆ ಅದು ತಿಳಿಯುವುದು ಸಾಧ್ಯವಿಲ್ಲ, ಹಾಗಾಗಿ ನಮಗೂ ತಿಳಿಯುವುದಿಲ್ಲ. ಕಥೆ ಅವಳ ಸಾಮಾಜಿಕ ಸಾವಿಗೆ ನಿಲ್ಲುತ್ತದೆ.

ಆ ಸಾವಿನ ನಂತರದ ಬದುಕನ್ನು ಬರೆದವರು ಎಂ.ಕೆ. ಇಂದಿರಾ. ಹನ್ನೆರಡಕ್ಕೆ ಮದುವೆಯಾಗಿ, ನಲವತ್ತೈದರ ಮೇಲೆ ಬರೆಯಲು ಕುಳಿತ ಈ ಮಲೆನಾಡ ಹೆಣ್ಣುಮಗಳು 1976ರಲ್ಲಿ ‘ಫಣಿಯಮ್ಮ’ ಪ್ರಕಟಿಸಿದರು. ಫಣಿಯಮ್ಮ ಅವರ ಮನೆತನದ ಹಿರಿಯಳು, ನೂರು ದಾಟಿ ಬದುಕಿದವಳು. ಅವಳ ಕಥೆ ತಾಯಿಯ ಬಾಯಿಂದ ಮಗಳ ಕಿವಿಗೆ ಬಂದದ್ದು. ಹೊರಗಿನಿಂದ ನೋಡಿದರೆ ಆ ಬದುಕಿನಲ್ಲಿ ಏನೂ ನಡೆಯುವುದಿಲ್ಲ. ಹುಡುಗಿ ವಿಧವೆಯಾಗುತ್ತಾಳೆ, ತಲೆ ಬೋಳಿಸುತ್ತಾರೆ, ಒಂದು ದೊಡ್ಡ ಮನೆಯ ಕೆಲಸ ಮಾಡುತ್ತ ಮುದುಕಿಯಾಗುತ್ತಾಳೆ. ಒಳಗೆ ಆಗುವುದೇ ಬೇರೆ. ತನ್ನನ್ನು ಬೋಳಿಸಿದ ಶಾಸ್ತ್ರವನ್ನು ಅವಳು ವರ್ಷಗಟ್ಟಲೆ ಮೌನವಾಗಿ ಪರೀಕ್ಷಿಸುತ್ತಾಳೆ; ಮಡಿಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಲೇ ಅದು ಮನುಷ್ಯರಿಗಿಂತ ದೊಡ್ಡದಲ್ಲ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಹೆರಿಗೆ ಕಷ್ಟವಾಗಿ ಸಾಯುವ ಸ್ಥಿತಿಯಲ್ಲಿದ್ದ, ಮುಟ್ಟಕೂಡದೆಂದು ಊರು ದೂರವಿಟ್ಟ ಹೆಣ್ಣೊಬ್ಬಳ ಗುಡಿಸಿಲಿಗೆ ಹೋಗಿ ತನ್ನ ಸಣ್ಣ ಕೈಯಿಂದ ಕೂಸನ್ನು ಹೊರತೆಗೆಯುತ್ತಾಳೆ. ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ, ಊರ ಹಿರಿಯರ ಎದುರು ಹುಡುಗಿಯ ಪರ ನಿಲ್ಲುವವಳು ಈ ಬೋಳು ತಲೆಯ ಅಜ್ಜಿಯೇ. ಆ ಮಾತಿಗೆ ಬೆಲೆ ಬಂದದ್ದು ಅವಳು ನಡೆಸಿದ ಕಠಿಣ ಬದುಕಿನಿಂದ. ಅವಳಷ್ಟು ಮಡಿ ಮಾಡಿದವರು ಆ ಊರಲ್ಲಿ ಇನ್ನಾರೂ ಇರಲಿಲ್ಲ, ಹಾಗಾಗಿ ಅವಳನ್ನು ಅಲ್ಲಗಳೆಯುವ ಬಾಯಿಯೂ ಇರಲಿಲ್ಲ.

ಇಲ್ಲಿಗೆ ಎರಡನೆಯ ಆಕ್ಷೇಪ ಬರುತ್ತದೆ, ಮೊದಲನೆಯದಕ್ಕಿಂತ ಚುಚ್ಚುವಂಥದ್ದು. ಕಷ್ಟದಿಂದ ಗಟ್ಟಿಯಾದಳು ಎಂದು ಹೊಗಳುವುದು ಕೊನೆಗೆ ಕಷ್ಟ ಕೊಟ್ಟವರಿಗೇ ಅನುಕೂಲವಲ್ಲವೆ? ಹೆಣ್ಣು ಭೂಮಿತಾಯಿಯಂತೆ ಸಹಿಸಬೇಕು ಎಂಬ ಹಳೆಯ ಹಾಡಿಗೆ ಇದು ಹೊಸ ರಾಗವಲ್ಲವೆ? ಈ ಅಪಾಯ ನಿಜವಾದದ್ದು. ಸಹನೆಯನ್ನು ಮಾತ್ರ ತೋರಿಸಿ, ಸಹಿಸಿದ್ದರ ಬೆಲೆಯನ್ನು ಮರೆಸುವ ಕಥೆಗಳು ನಮ್ಮಲ್ಲಿ ರಾಶಿ ಬಿದ್ದಿವೆ, ಅವನ್ನು ನಾನು ಸಮರ್ಥಿಸುತ್ತಿಲ್ಲ. ‘ಫಣಿಯಮ್ಮ’ ಆ ರಾಶಿಗೆ ಸೇರುವುದಿಲ್ಲ. ಕಳೆದುಹೋದ ಒಂದೊಂದು ವರ್ಷದ ಲೆಕ್ಕವೂ ಅದರಲ್ಲಿದೆ. ತನಗಾದದ್ದು ಇನ್ನೊಬ್ಬಳಿಗೆ ಆಗಕೂಡದು ಎಂದು ತೀರ್ಮಾನಿಸಿದ ಅಜ್ಜಿ ಕಷ್ಟವನ್ನು ಒಳ್ಳೆಯದೆಂದು ಒಪ್ಪಿದವಳಲ್ಲ, ಅದಕ್ಕೆ ಅಂಕುಶ ಹಾಕಿದವಳು. ನಾನು ಗಟ್ಟಿತನ ಎನ್ನುವುದು ಇದಕ್ಕೆ. ತಾನು ತಡೆದುಕೊಂಡದ್ದನ್ನು ಮುಂದಿನವಳಿಗೆ ದಾಟಿಸದೆ ತನ್ನಲ್ಲೇ ನಿಲ್ಲಿಸುವ ಶಕ್ತಿ. ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಹರಿದುಬಂದ ಕ್ರೌರ್ಯದ ಎದುರು ಇದನ್ನು ಇಟ್ಟು ನೋಡಿದರೆ ಇದು ಎಷ್ಟು ಅಪರೂಪದ್ದೆಂದು ತಿಳಿಯುತ್ತದೆ. ಪ್ರೇಮಾ ಕಾರಂತರು 1983ರಲ್ಲಿ ಈ ಕಾದಂಬರಿಯನ್ನು ಚಿತ್ರ ಮಾಡಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಬರೆದವರು, ತೆರೆಗೆ ತಂದವರು, ದಾಟಿಸಿದವರು, ಮೂವರೂ ಹೆಂಗಸರು. ಇದನ್ನು ಕೇವಲ ಆಕಸ್ಮಿಕ ಎನ್ನಲು ನನಗೆ ಮನಸ್ಸಿಲ್ಲ.

ಇದೆಲ್ಲ ಒಂದು ಜಾತಿಯ ಮನೆಗಳ ಮಾತು ಎನ್ನುವವರಿಗೂ ಉತ್ತರ ಕೊಡಬೇಕು. ಅವರು ಹೇಳುವುದು ಸರಿ. ಕರ್ನಾಟಕದ ಬಹುಸಂಖ್ಯೆಯ ಸಮುದಾಯಗಳಲ್ಲಿ ವಿಧವೆಗೆ ಕೂಡಿಕೆ, ಉಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ಮರುಮದುವೆಯ ದಾರಿ ಮೊದಲಿನಿಂದ ಇತ್ತು. ತಲೆ ಬೋಳಿಸುವ ಪದ್ಧತಿ ಇರಲಿಲ್ಲ. ದುಡಿದು ತಿನ್ನುವ ಮನೆಯ ಹುಡುಗಿಗೆ ಬೇರೆ ಸಂಕಟಗಳಿದ್ದವು, ಹಸಿವಿತ್ತು, ಜೀತವಿತ್ತು, ದೇವರಿಗೆ ಬಿಡುವ ಪದ್ಧತಿ ಇತ್ತು. ಅಚ್ಚಿನ ಮನೆಯ ಬಾಗಿಲು ಆ ಹುಡುಗಿಯರಿಗೆ ಬಹಳ ತಡವಾಗಿ ತೆರೆಯಿತು, ಆದ್ದರಿಂದ ಅವರ ಕಥೆಯನ್ನು ನಾವು ಇನ್ನೂ ಸರಿಯಾಗಿ ಓದಿಲ್ಲ. ಬಾಲವಿಧವೆಯ ಕಥೆ ಎಲ್ಲ ಹೆಣ್ಣುಮಕ್ಕಳ ಕಥೆಯಲ್ಲ. ಕನ್ನಡದಲ್ಲಿ ಅಕ್ಷರಕ್ಕೆ ಮೊದಲು ಸಿಕ್ಕಿದ್ದು ಅದು, ಅಷ್ಟೇ. ಆದರೆ ದುಡಿದು ತಿನ್ನುವ ಮನೆಗಳ ಹುಡುಗಿಯರು ಸ್ವಂತ ಕೈಯಲ್ಲಿ ಬರೆಯತೊಡಗಿದ ಮೇಲೆ ಕಾಣುತ್ತಿರುವುದೂ ಇದೇ: ತನ್ನ ಮೇಲೆ ಬಂದದ್ದನ್ನು ತಾನೇ ಹೇಳಿದಾಗ ಹೆಣ್ಣು ಕಾಣುವ ಬಗೆಯೂ, ಅವಳ ಪರವಾಗಿ ಬೇರೆಯವರು ಹೇಳಿದಾಗ ಕಾಣುವ ಬಗೆಯೂ ಒಂದೇ ಅಲ್ಲ.

ತಿರುಮಲಾಂಬ 1982ರವರೆಗೆ ಬದುಕಿದ್ದರು. ಕೊನೆಯ ಹಲವು ದಶಕಗಳನ್ನು ಕನ್ನಡ ನಾಡಿನಿಂದ ದೂರ, ಮದರಾಸಿನಲ್ಲಿ, ಬರವಣಿಗೆ ಬಿಟ್ಟು ಕಳೆದರು. ನವೋದಯ, ಪ್ರಗತಿಶೀಲ, ನವ್ಯ ಎಂದು ಕನ್ನಡದಲ್ಲಿ ಪಂಥಗಳು ಬಂದು ಹೋಗುತ್ತಿದ್ದಾಗ ಮೊದಲ ಕಾದಂಬರಿಕಾರ್ತಿ ಅಲ್ಲಿದ್ದಾರೆ ಎಂಬುದು ಬಹಳ ಮಂದಿಗೆ ನೆನಪಿರಲಿಲ್ಲ. ಚಿ.ನ. ಮಂಗಳಾ, ವಿಜಯಾ ದಬ್ಬೆ ಮುಂತಾದವರು ಹುಡುಕಿ ಬರೆದಿದ್ದರಿಂದ ಆ ಹೆಸರು ನಮಗೆ ಮರಳಿ ದಕ್ಕಿತು. ಹೀಗೆ ದಕ್ಕದ ಹೆಸರುಗಳು ಸಾವಿರಾರು. ಎಷ್ಟೋ ಮನೆಗಳ ಹಳೆಯ ಫೋಟೋದಲ್ಲಿ, ಹಿಂದಿನ ಸಾಲಿನ ಅಂಚಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು ನಿಂತ ಒಬ್ಬಳು ಇರುತ್ತಾಳೆ. ಯಾರೆಂದು ಕೇಳಿದರೆ, ಅಜ್ಜನ ಅಕ್ಕನೋ ಅತ್ತೆಯೋ ಇರಬೇಕು, ಹೆಸರು ಗೊತ್ತಿಲ್ಲ ಎಂಬ ಉತ್ತರ ಬರುತ್ತದೆ. ಫಣಿಯಮ್ಮನೂ ಹಾಗೆಯೇ ಅಳಿಸಿಹೋಗಬೇಕಾಗಿದ್ದವಳು. ಒಬ್ಬ ತಾಯಿ ಹೇಳಿದ್ದನ್ನು ಒಬ್ಬ ಮಗಳು ಮರೆಯದೆ ಇಟ್ಟುಕೊಂಡಿದ್ದರಿಂದ ಉಳಿದಳು. ನಿಮ್ಮ ಮನೆಯಲ್ಲಿ ಅಂಥ ಫೋಟೋ ಇದ್ದರೆ, ಹೇಳಬಲ್ಲ ಹಿರಿಯರು ಇನ್ನೂ ಇದ್ದರೆ, ಈ ವಾರವೇ ಹೋಗಿ ಆಕೆಯ ಹೆಸರು ಕೇಳಿ, ಫೋಟೋದ ಹಿಂದೆ ಬರೆದಿಡಿ.